ಬ್ರೌಸರ್ ಯಾವುದಾದರೂ ಪುಟ ತೆರೆಯಬೇಕು

ಇಪ್ಪತ್ತು ವರ್ಷದ ಹಿಂದಿನ ಕನ್ನಡ ಜಾಲತಾಣದ ಪುಟವೊಂದನ್ನು ಇವತ್ತಿನ ಮೊಬೈಲಿನಲ್ಲಿ ತೆರೆದರೆ ಎಷ್ಟೋ ಸಲ ಕನ್ನಡವೇ ಕಾಣುವುದಿಲ್ಲ. ನುಡಿ ಫಾಂಟಿನಲ್ಲಿ ಬರೆದ ‘ಕನ್ನಡ’ ಎಂಬ ಪದದಲ್ಲಿ ‘ಕ’ ಇರಬೇಕಾದಲ್ಲಿ ಇಂಗ್ಲಿಷಿನ ‘ಪಿ’ ಬಂದು ಕೂತಿರುತ್ತದೆ, ‘ನ’ ಇರಬೇಕಾದಲ್ಲಿ ಪೌಂಡಿನ ಚಿಹ್ನೆ. ನಡುನಡುವೆ ನೆತ್ತಿಯ ಮೇಲೆ ಗೆರೆ ಹೊತ್ತ ಯುರೋಪಿನ ಅಕ್ಷರಗಳು. ಇದು ಬರೆದವರ ತಪ್ಪಲ್ಲ. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಆಕಾರ ತೊಡಿಸಿದ್ದವು. ಪುಟದ ಜೊತೆಗೇ ಫಾಂಟ್ ಇಳಿದುಬರಲಿ ಎಂದು ಹಲವರು ನಂಬಿದ್ದು ಮೈಕ್ರೊಸಾಫ್ಟಿನ ಡೈನಮಿಕ್ ಫಾಂಟ್ ತಂತ್ರವನ್ನು. ಅದು ನಡೆಯುತ್ತಿದ್ದುದು ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ಮಾತ್ರ. ಆ ಬ್ರೌಸರ್ ಹೋಯಿತು, ಅದರ ಬೆನ್ನಿಗೇ ಆ ಬರಹಗಳನ್ನು ಓದುವ ದಾರಿಯೂ ಹೋಯಿತು. ಇದಕ್ಕೆ ಎದುರಾಗಿ, ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ ಉಳಿಸಿಕೊಂಡಿರುವ ಜಗತ್ತಿನ ಮೊದಲ ಜಾಲತಾಣದ 1992ರ ಪ್ರತಿಯನ್ನು ನೋಡಿ. ಇಂದಿನ ಯಾವ ಬ್ರೌಸರಿನಲ್ಲಾದರೂ ಸಲೀಸಾಗಿ ಓದಬಹುದು. ವಯಸ್ಸಿನಲ್ಲಿ ಅದೇ ಹಿರಿಯದು. ಆದರೆ ಅದು ಯಾವುದೇ ಕಂಪನಿಯ ಹಂಗಿಲ್ಲದ ಸರಳ ಎಚ್‌ಟಿಎಂಎಲ್.

ಒಂದು ದೇಶವೇ ಹೀಗೆ ಒಂದು ಬ್ರೌಸರಿಗೆ ಜೋತುಬಿದ್ದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾ ಸಾಕ್ಷಿ. ತೊಂಬತ್ತರ ದಶಕದಲ್ಲಿ ಬಲವಾದ ಗೂಢಲಿಪಿ ತಂತ್ರವನ್ನು ಹೊರದೇಶಗಳಿಗೆ ಕೊಡದಂತೆ ಅಮೆರಿಕ ನಿರ್ಬಂಧ ಹಾಕಿತ್ತು. ಹೊರಗಿನವರಿಗೆ ಸಿಗುತ್ತಿದ್ದ ಬ್ರೌಸರುಗಳಲ್ಲಿದ್ದುದು 40 ಬಿಟ್ಟಿನ ರಕ್ಷಣೆ. ಕೊರಿಯಾ 128 ಬಿಟ್ಟಿನ ‘ಸೀಡ್’ ಎಂಬ ಸ್ವಂತ ವಿಧಾನವನ್ನು ರೂಪಿಸಿಕೊಂಡಿತು. ಆ ಹೊತ್ತಿಗೆ ಅದು ಜಾಣತನದ ನಿರ್ಧಾರವೇ. ಎಡವಿದ್ದು ಮುಂದಿನ ಹೆಜ್ಜೆಯಲ್ಲಿ: ಅದನ್ನು ಗ್ರಾಹಕರಿಗೆ ತಲುಪಿಸಲು ಆರಿಸಿಕೊಂಡದ್ದು ಮೈಕ್ರೊಸಾಫ್ಟಿನ ಆಕ್ಟಿವ್‌ಎಕ್ಸ್ ಎಂಬ ಬ್ರೌಸರ್ ಜೋಡಣೆಯನ್ನು. ವಿಂಡೋಸ್ ಮತ್ತು ಎಕ್ಸ್‌ಪ್ಲೋರರ್ ಇಲ್ಲದವರಿಗೆ ಬ್ಯಾಂಕ್ ವ್ಯವಹಾರವಾಗಲಿ ಆನ್‌ಲೈನ್ ಖರೀದಿಯಾಗಲಿ ಬಹುತೇಕ ಅಸಾಧ್ಯವಾಯಿತು. 2000ದಲ್ಲಿ ಅಮೆರಿಕ ನಿರ್ಬಂಧ ಸಡಿಲಿಸಿತು. ಕಾರಣ ತೀರಿತು, ಕಟ್ಟುಪಾಡು ತೀರಲಿಲ್ಲ. 2014ರಲ್ಲಿ ಜನಪ್ರಿಯ ಧಾರಾವಾಹಿಯೊಂದರ ನಾಯಕಿ ತೊಟ್ಟ ಕೋಟನ್ನು ಕೊರಿಯಾದ ಅಂಗಡಿಗಳಿಂದ ತರಿಸಿಕೊಳ್ಳಲು ಚೀನಾದ ಅಭಿಮಾನಿಗಳಿಗೆ ಆಗುತ್ತಿಲ್ಲ ಎಂಬ ಮಾತು ಅಂದಿನ ಅಧ್ಯಕ್ಷೆ ಪಾರ್ಕ್ ಗ್ವೆನ್ ಹೇ ಅವರ ಸಭೆಯವರೆಗೂ ಹೋಯಿತು. ಆಕ್ಟಿವ್‌ಎಕ್ಸ್ ಜೊತೆ ಹೆಣೆದುಕೊಂಡಿದ್ದ, ಗ್ರಾಹಕರ ಗುರುತು ಖಚಿತಪಡಿಸುವ ಅಧಿಕೃತ ಡಿಜಿಟಲ್ ಪ್ರಮಾಣಪತ್ರದ ಪದ್ಧತಿ ರದ್ದಾಗಲು 2020ರ ಡಿಸೆಂಬರ್ ಬರಬೇಕಾಯಿತು. ಮಾಡಿಕೊಳ್ಳಲು ಒಂದೆರಡು ವರ್ಷ, ಬಿಡಿಸಿಕೊಳ್ಳಲು ಎರಡು ದಶಕ.

ಅದೆಲ್ಲ ಹಳೆಯ ಕಥೆ, ಈಗ ಎಲ್ಲರ ಕೈಯಲ್ಲೂ ಕ್ರೋಮ್ ಇದೆಯಲ್ಲ ಎನ್ನುವವರಿದ್ದಾರೆ. ನನಗೆ ಆತಂಕವಾಗುವುದು ಈ ಮಾತಿನಿಂದಲೇ. ಎಕ್ಸ್‌ಪ್ಲೋರರ್ ಮಾರುಕಟ್ಟೆಯ ಶೇ 90ಕ್ಕೂ ಹೆಚ್ಚು ಪಾಲು ಹೊಂದಿದ್ದ ದಿನಗಳಲ್ಲೂ ಜನ ಇದನ್ನೇ ಹೇಳುತ್ತಿದ್ದರು. ಒಪೇರಾ 2013ರಲ್ಲಿ, ಮೈಕ್ರೊಸಾಫ್ಟಿನ ಎಡ್ಜ್ 2020ರಲ್ಲಿ ಪುಟವನ್ನು ತೆರೆದು ತೋರಿಸುವ ತಮ್ಮ ಸ್ವಂತ ಎಂಜಿನ್ ಕೈಬಿಟ್ಟು ಗೂಗಲಿನ ಕ್ರೋಮಿಯಂ ಹಿಡಿದವು. ಬೇರೆ ದಾರಿಯಲ್ಲಿ ನಡೆಯುತ್ತಿರುವ ದೊಡ್ಡ ಹೆಸರುಗಳೆಂದರೆ ಫೈರ್‌ಫಾಕ್ಸ್ ಮತ್ತು ಸಫಾರಿ. ‘ಕ್ರೋಮಿನಲ್ಲಿ ಚೆನ್ನಾಗಿ ಕಾಣುತ್ತದೆ’ ಎಂದು ಕೆಲಸ ಮುಗಿಸುವ ಡೆವಲಪರ್, ಡಬ್ಲ್ಯು3ಸಿಯಂಥ ಸಂಸ್ಥೆಗಳಲ್ಲಿ ಹಲವರು ಕೂತು ಚರ್ಚಿಸಿ ಒಪ್ಪಿದ ಮಾನದಂಡದ ಜಾಗದಲ್ಲಿ ಒಂದು ಕಂಪನಿಯ ಇಷ್ಟಾನಿಷ್ಟವನ್ನು ಕೂರಿಸುತ್ತಿದ್ದಾನೆ.

ಇದಕ್ಕೆ ಸ್ಕ್ರಿಪ್ಟಿನ, ಅಂದರೆ ಪುಟದ ಜೊತೆ ಇಳಿದು ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಕೋಡಿನ, ಭಾರ ಬೇರೆ. ಅರ್ಜಿಯೊಂದರ ಕೆಳಗಿರುವ ‘ಸಲ್ಲಿಸಿ’ ಗುಂಡಿಯನ್ನೇ ತೆಗೆದುಕೊಳ್ಳಿ. ಎಚ್‌ಟಿಎಂಎಲ್‌ನಲ್ಲಿ ಗುಂಡಿಗೆಂದೇ ಒಂದು ಟ್ಯಾಗ್ ಇದೆ. ಅದನ್ನು ಬಳಸಿದರೆ ಟ್ಯಾಬ್ ಕೀಲಿ ಒತ್ತಿ ಅಲ್ಲಿಗೆ ಹೋಗಬಹುದು, ಎಂಟರ್ ಒತ್ತಿದರೆ ಅರ್ಜಿ ಹೋಗುತ್ತದೆ, ದೃಷ್ಟಿಯಿಲ್ಲದವರು ಬಳಸುವ ಸ್ಕ್ರೀನ್ ರೀಡರ್ ಅದನ್ನು ಗುಂಡಿ ಎಂದೇ ಗುರುತಿಸಿ ಹೇಳುತ್ತದೆ. ಇಷ್ಟೂ ಪುಕ್ಕಟೆ. ಬದಲಿಗೆ ಖಾಲಿ ಚೌಕಕ್ಕೆ ಬಣ್ಣ ಬಳಿದು, ಸ್ಕ್ರಿಪ್ಟ್ ಕಟ್ಟಿ ಗುಂಡಿಯಂತೆ ತೋರಿಸಿದರೆ ಮೌಸ್ ಹಿಡಿದವರಿಗೆ ವ್ಯತ್ಯಾಸ ತಿಳಿಯದು. ಸ್ಕ್ರೀನ್ ರೀಡರ್ ನಂಬಿದವರು ಮಾತ್ರ ಇಡೀ ಅರ್ಜಿ ತುಂಬಿಯೂ ಕಳಿಸುವ ದಾರಿ ಸಿಗದೆ ಕೂರುತ್ತಾರೆ.

ಅಂದವಾದ ವಿನ್ಯಾಸ ಬೇಡವೇ, ನಕ್ಷೆ, ವಿಡಿಯೊ ಕರೆಗಳಂಥವು ಸ್ಕ್ರಿಪ್ಟ್ ಇಲ್ಲದೆ ನಡೆಯುತ್ತವೆಯೇ ಎಂದು ಕೇಳಬಹುದು. ನಡೆಯುವುದಿಲ್ಲ, ನಿಜ. ಅಂಥ ಕಡೆ ಸ್ಕ್ರಿಪ್ಟ್ ಇರಲೇಬೇಕು. ನನ್ನ ತಕರಾರು, ಬರೀ ಓದುವ ಸುದ್ದಿಗೂ ನಾಲ್ಕು ಕಾಲಮ್ಮಿನ ಅರ್ಜಿಗೂ ಅದೇ ಭಾರ ಹೇರುವುದರ ಬಗ್ಗೆ. ಸ್ಕ್ರಿಪ್ಟನ್ನು ಬೇಕೆಂದೇ ನಿಲ್ಲಿಸಿ ಇಟ್ಟುಕೊಳ್ಳುವ ಬೆರಳೆಣಿಕೆಯ ಜನರಿಗಾಗಿ ಇಷ್ಟೆಲ್ಲ ಯಾಕೆ ಎಂಬ ಪ್ರಶ್ನೆಗೂ ಉತ್ತರವಿದೆ. ಬ್ರಿಟನ್ ಸರ್ಕಾರದ ಜಾಲತಾಣ ತಂಡ 2013ರಲ್ಲಿ ಲೆಕ್ಕ ಹಾಕಿದಾಗ ಶೇ 1.1ರಷ್ಟು ಜನರಿಗೆ ಸ್ಕ್ರಿಪ್ಟ್ ದಕ್ಕುತ್ತಿರಲಿಲ್ಲ. ಅವರಲ್ಲಿ ಅದನ್ನು ತಾವಾಗಿ ನಿಲ್ಲಿಸಿದ್ದವರು ಅಥವಾ ಅದಿಲ್ಲದ ಬ್ರೌಸರ್ ಬಳಸುತ್ತಿದ್ದವರು ಶೇ 0.2 ಮಾತ್ರ. ಉಳಿದ ಶೇ 0.9 ಜನರ ಬ್ರೌಸರಿನಲ್ಲಿ ಎಲ್ಲವೂ ಸರಿಯಿದ್ದೂ ಯಾವುದೋ ಕಾರಣಕ್ಕೆ ಸ್ಕ್ರಿಪ್ಟ್ ಕೆಲಸ ಮಾಡಿರಲಿಲ್ಲ. ಬಸ್ಸಿನಲ್ಲಿ ಕೂತು ಸಿಗ್ನಲ್ ಬಂದು ಹೋಗುವ ಘಟ್ಟದ ರಸ್ತೆಯಲ್ಲಿ ಸಾಗುವವರೆಲ್ಲ ಒಂದಲ್ಲ ಒಂದು ಗಳಿಗೆ ಆ ಶೇ 0.9ರೊಳಗೆ ಬೀಳುವವರೇ.

ಹಾಗಾಗಿ ಸಾರ್ವಜನಿಕರ ದುಡ್ಡಿನಲ್ಲಿ ಕಟ್ಟಿಸುವ ಪ್ರತಿ ಜಾಲತಾಣದ ಟೆಂಡರಿನಲ್ಲಿ ಎರಡು ಷರತ್ತು ಇರಲೇಬೇಕು. ಫೈರ್‌ಫಾಕ್ಸ್ ಮತ್ತು ಸಫಾರಿಯಲ್ಲೂ ಪರೀಕ್ಷಿಸಿ ತೋರಿಸಬೇಕು. ಸ್ಕ್ರಿಪ್ಟ್ ನಿಲ್ಲಿಸಿ ತೆರೆದಾಗ ಮಾಹಿತಿ ಓದಲು ಸಿಗಬೇಕು, ಅರ್ಜಿ ಸಲ್ಲಿಕೆಯಾಗಬೇಕು. ಇವೆರಡೂ ಆಗುವವರೆಗೆ ಬಿಲ್ ಪಾಸಾಗಬಾರದು.