ಕೆಟ್ಟ ಆಂಪ್ಲಿಫೈಯರನ್ನು ಏನು ಮಾಡತಕ್ಕದ್ದು?

ಒಂದು ವಸ್ತುವು ಕೆಟ್ಟೊಡನೆ ಅದನ್ನು ಮೂಲೆಗೆ ಸೇರಿಸಿ ಹೊಸದನ್ನು ಕೊಳ್ಳುವ ಅಭ್ಯಾಸವು ನಮ್ಮ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ದಿನೇ ದಿನೇ ಹೆಚ್ಚುತ್ತಲಿದೆ. ನಮ್ಮ ಸಂಗೀತದ ಕೊಠಡಿಯ ಗಿಟಾರ್ ಆಂಪ್ಲಿಫೈಯರು ಮಳೆಗಾಲದಲ್ಲಿ ಮೌನ ತಾಳಿದಾಗ, ಹಳೇ ವಿದ್ಯಾರ್ಥಿನಿಯರಲ್ಲಿ ಕೆಲವರು ಹೊಸದನ್ನೇ ತೆಗೆದುಕೊಡುವುದಾಗಿ ಪ್ರೀತಿಯಿಂದ ಮುಂದೆ ಬಂದರು. ಅವರ ಔದಾರ್ಯಕ್ಕೆ ನಾವು ಕೃತಜ್ಞರು. ಆದರೂ ಆ ಹಣವನ್ನು ಹಳೆಯ ಯಂತ್ರದ ದುರಸ್ತಿಗೂ, ದುರಸ್ತಿಯ ವಿದ್ಯೆಯನ್ನು ನಮ್ಮ ಹುಡುಗಿಯರಿಗೆ ಕಲಿಸುವುದಕ್ಕೂ ವಿನಿಯೋಗಿಸುವುದೇ ಲೇಸೆಂದು ನಾವು ಭಾವಿಸುತ್ತೇವೆ.

ಬಿಸಿಲೆಯ ಘಟ್ಟದ ಮಳೆಯನ್ನು ಬಲ್ಲವರಿಗೆ ಈ ಯಂತ್ರಗಳು ಕೆಡುವ ಕಾರಣವನ್ನು ಬಹಳವಾಗಿ ವಿವರಿಸಬೇಕಾಗಿಲ್ಲ. ಹೊದೆದ ಕಂಬಳಿ ವಾರಗಟ್ಟಲೆ ಒಣಗದೆ, ಪೆಟ್ಟಿಗೆಯೊಳಗಿನ ಸೀರೆಗೂ ಬೂಷ್ಟು ಹಿಡಿಯುವ ಸೀಮೆಯಿದು. ಆ ಥಂಡಿಯಲ್ಲಿ ಗಿಟಾರಿನ ವೈರನ್ನು ಸಿಕ್ಕಿಸುವ ಜಾಗದ ಲೋಹವು ಕಿಲುಬುಗಟ್ಟುತ್ತದೆ. ಧ್ವನಿಯನ್ನು ಏರಿಳಿಸುವ ಗುಂಡಿಯನ್ನು ತಿರುಗಿಸಿದರೆ ಕರಕರ ಶಬ್ದ ಬರುತ್ತದೆ. ಸ್ಪೀಕರಿನ ಕಾಗದವು ಮೆತ್ತಗಾಗುತ್ತದೆ. ಸಿಡಿಲಿನ ಕಾಲದಲ್ಲಿ 230 ವೋಲ್ಟಿನ ವಿದ್ಯುತ್ತು ಒಮ್ಮೆಲೇ ಏರಿದರೆ ಫ್ಯೂಸು ಸುಡುತ್ತದೆ. ವರ್ಷಗಳು ಕಳೆದಂತೆ ಕೆಪಾಸಿಟರಿನೊಳಗಿನ ದ್ರವವು ಒಣಗಿ, ಹಾಡಿಗಿಂತ ಮೊದಲು ಗುಂಯ್ಗುಡುವ ಸದ್ದೇ ಕೇಳುತ್ತದೆ. ಇವುಗಳಲ್ಲಿ ಒಂದೂ ಯಂತ್ರದ ಮರಣವಲ್ಲ. ಅನೇಕ ವೇಳೆ ಅಲ್ಪ ಬೆಲೆಯ ಒಂದು ಬಿಡಿಭಾಗವೂ ಒಂದು ಬೆಸುಗೆಯೂ ಸಾಕಾಗುತ್ತವೆ.

ಇದಕ್ಕೆ ಎದುರಾಗಿ ಹೇಳುವ ಮಾತುಗಳನ್ನೂ ನಾವು ಬಲ್ಲೆವು. ಬಿಸಿಲೆಯ ಕಡೆಯಿಂದ ಸಕಲೇಶಪುರಕ್ಕೆ ಬಸ್ಸಿನಲ್ಲಿ ಹೊತ್ತು ತಂದು, ಅಲ್ಲಿಯೂ ಆಗದಿದ್ದರೆ ಸುಮಾರು 40 ಕಿಲೋಮೀಟರು ದೂರದ ಹಾಸನಕ್ಕೆ ಒಯ್ಯಬೇಕು. ಬಿಡಿಭಾಗವನ್ನು ಬೆಂಗಳೂರಿನ ಎಸ್. ಪಿ. ರಸ್ತೆಯಿಂದ ತರಿಸಬೇಕು, ಕೂಲಿಯೂ ಬಸ್ಸಿನ ಛಾರ್ಜೂ ಸೇರಿದರೆ ಹೊಸದರ ಅರ್ಧ ಬೆಲೆಯಾದೀತು. ಈ ಮಾತು ಸುಳ್ಳಲ್ಲ. ಆದರೆ ಕೆಲಸ ಕೊಡುವವರಿಲ್ಲದೆ ದುರಸ್ತಿಗಾರನು ಅಂಗಡಿಯನ್ನು ಮುಚ್ಚಿದರೆ, ಮುಂದಿನ ಸಲ ನಮ್ಮ ದಾರಿ ಇನ್ನೂ ದೂರವಾಗುವುದಿಲ್ಲವೇ? ಇಂದು ಅವನಿಗೆ ಕೊಡುವ ಕೂಲಿಯು ನಾಳೆಯ ನಮ್ಮ ಅನುಕೂಲಕ್ಕೇ ಆಗುತ್ತದೆ.

ತೆರೆಯಲಾಗದಂತೆ ಅಂಟಿಸಿದ ಯಂತ್ರಗಳೂ, ಸಾಸುವೆಯಂಥ ಸಣ್ಣ ಭಾಗಗಳನ್ನು ಒಂದೇ ಹಲಗೆಗೆ ಕೂಡಿಸಿದವುಗಳೂ ಈಗ ಬಹಳವಾಗಿವೆ. ಅವುಗಳನ್ನು ಕಂಡು ನುರಿತವನೂ ಕೈಚೆಲ್ಲುತ್ತಾನೆ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕನ್ನು ಕುರಿತು 2022ರ ಜುಲೈಯಲ್ಲಿ ಸಮಿತಿಯೊಂದನ್ನು ನೇಮಿಸಿ, ಆ ವರ್ಷದ ಡಿಸೆಂಬರಿನಲ್ಲಿ ಜಾಲತಾಣವೊಂದನ್ನು ತೆರೆಯಿತು. ಇದು ಸಂತೋಷದ ಸಂಗತಿ. ಆದರೆ ಹಕ್ಕು ಕಾಗದದಲ್ಲಿದ್ದು ಬೆಸುಗೆ ಹಾಕುವ ಕೈ ಊರಿನಲ್ಲಿಲ್ಲದಿದ್ದರೆ ಫಲವೇನು?

ಈ ವಿದ್ಯೆಯು ನಮ್ಮ ನಾಡಿಗೆ ಹೊಸದೇನೂ ಅಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ರೇಡಿಯೋ ವಾಲ್ವುಗಳನ್ನೂ, ಮರುವರ್ಷ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತು. ಧ್ವನಿಯನ್ನು ವರ್ಧಿಸುವ ಯಂತ್ರದ ಜೀವಾಳವನ್ನೇ ತಯಾರಿಸಿದ ನಾಡಿನ ಮಕ್ಕಳು ಒಂದು ಸ್ಕ್ರೂವನ್ನು ಬಿಚ್ಚಲು ಅಂಜುವುದು ತರವಲ್ಲ.

ಅಂಜಿಕೆಯು ಸಲ್ಲದೆಂದರೂ ಎಚ್ಚರಿಕೆಯು ಅಗತ್ಯವಾಗಿ ಬೇಕು. ವಾಲ್ವಿನ ಆಂಪ್ಲಿಫೈಯರಿನಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ತಿರುವುದುಂಟು; ಪ್ಲಗ್ಗನ್ನು ಕಿತ್ತ ಮೇಲೂ ಅದು ಕೆಪಾಸಿಟರಿನಲ್ಲಿ ಉಳಿದುಕೊಂಡು ಪ್ರಾಣಕ್ಕೆ ಅಪಾಯವನ್ನು ತಂದೀತು. ಆದಕಾರಣ ಪೆಟ್ಟಿಗೆಯ ಒಳಗಿನ ಕೆಲಸವನ್ನು ಬಲ್ಲವರ ಎದುರಿನಲ್ಲಿಯೇ ಕಲಿಯತಕ್ಕದ್ದು. ಹೊರಗಿನ ಕೆಲಸವನ್ನಾದರೋ ಪ್ರತಿಯೊಬ್ಬ ಹುಡುಗಿಯೂ ಇಂದೇ ಕಲಿಯಬಹುದು. ಮೊದಲು ವೈರನ್ನೂ ಆಮೇಲೆ ಗಿಟಾರನ್ನೂ ಬದಲಿಸಿ ನೋಡುವುದು, ಏಕೆಂದರೆ ದೋಷವು ಅನೇಕ ವೇಳೆ ವೈರಿನಲ್ಲಿಯೇ ಇರುತ್ತದೆ. ಯಾವಾಗ, ಯಾವ ಗುಂಡಿಯನ್ನು ತಿರುಗಿಸಿದಾಗ ಸದ್ದು ಕೆಟ್ಟಿತೆಂದು ಬರೆದಿಡುವುದು. ಸುಟ್ಟ ಫ್ಯೂಸಿನ ಸ್ಥಾನದಲ್ಲಿ ಹೆಚ್ಚು ಶಕ್ತಿಯದನ್ನು ಎಂದಿಗೂ ಹಾಕದಿರುವುದು. ಖರ್ಚಿನ ಅಂದಾಜನ್ನು ಮೊದಲೇ ಕೇಳಿ, ತೆಗೆದ ಹಳೆಯ ಭಾಗವನ್ನು ಹಿಂದಕ್ಕೆ ಪಡೆಯುವುದು. ಮಳೆಗಾಲದಲ್ಲಿ ಯಂತ್ರವನ್ನು ನೆಲದ ಮೇಲಿಡದೆ ಒಣಗಿದ ಜಾಗದಲ್ಲಿ ಎತ್ತರದಲ್ಲಿಟ್ಟು ವಾರಕ್ಕೊಮ್ಮೆಯಾದರೂ ನಡೆಸುವುದು. ಬಿತ್ತನೆಯ ಬೀಜವನ್ನು ಒಲೆಯ ಮೇಲಣ ಅಟ್ಟದಲ್ಲಿ ಕಾಪಾಡಿದ ಅಜ್ಜಿಯರ ಮೊಮ್ಮಕ್ಕಳಿಗೆ ಇದು ಕಷ್ಟವಾಗಲಾರದು.

ಇದು ಗಂಡುಹುಡುಗರ ಕೆಲಸವೆಂದು ತಾಯ್ತಂದೆಗಳಲ್ಲಿ ಕೆಲವರು ಹೇಳಿಯಾರು. ಕೂದಲೆಳೆಯಂಥ ನೂಲನ್ನು ಸೂಜಿಗೆ ಪೋಣಿಸಿ, ಹರಿದುದನ್ನು ಕಾಣದಂತೆ ಹೆಣೆಯುವ ಬೆರಳುಗಳು ತಂತಿಯನ್ನು ಬೆಸೆಯಲಾರವೇ? ನಮ್ಮ ಹಳೇ ವಿದ್ಯಾರ್ಥಿನಿಯರಲ್ಲಿ ಈ ಶಾಸ್ತ್ರವನ್ನು ಓದಿದವರಿದ್ದರೆ, ವರ್ಷಕ್ಕೆ ಎರಡು ದಿನ ಶಾಲೆಗೆ ಬಂದು ಕಲಿಸಬೇಕೆಂದು ಬೇಡುತ್ತೇವೆ. ಹೊಸ ಯಂತ್ರವು ಕೆಲವು ವರ್ಷಗಳಲ್ಲಿ ಹಳೆಯದಾಗುತ್ತದೆ. ಕೆಟ್ಟುದನ್ನು ಸರಿಪಡಿಸಬಲ್ಲೆನೆಂಬ ಧೈರ್ಯವಾದರೋ ಹುಡುಗಿಯು ಹೋದ ಮನೆಗೂ ಊರಿಗೂ ಅವಳೊಡನೆಯೇ ಹೋಗುತ್ತದೆ.