ಅಲೈನ್‌ಮೆಂಟ್ ಎಂಬ ಸರ್ವರೋಗ ನಿವಾರಿಣಿ

ಹೊಸ ಅಲಾಯ್ ವೀಲು, ಹೊಸ ಟೈರು ಹಾಕಿಸಿದೆ. ತುಮಕೂರು ರಸ್ತೆಯಲ್ಲಿ 90 ಮುಟ್ಟಿದ್ದೇ ತಡ, ಸ್ಟೇರಿಂಗ್ ಗಡಗಡ! ಅಂಗಡಿಯವನು ಎರಡು ಸಲ ಅಲೈನ್‌ಮೆಂಟ್ ಮಾಡಿ ದುಡ್ಡು ಕಿತ್ತ. ನಡುಕ ಮಾತ್ರ ಹಾಗೇ ಇತ್ತು.

ಇರಲೇಬೇಕಲ್ಲ ಸ್ವಾಮಿ! ಅಲೈನ್‌ಮೆಂಟ್ ಕೆಟ್ಟರೆ ಗಾಡಿ ಒಂದು ಕಡೆಗೆ ಎಳೆಯುತ್ತೆ, ಟೈರು ಒಂದೇ ಬದಿ ಸವೆಯುತ್ತೆ. ಒಂದು ವೇಗ ದಾಟಿದ ಮೇಲಷ್ಟೇ ಸ್ಟೇರಿಂಗ್ ನಡುಗಿದರೆ ಮೊದಲು ನೋಡಬೇಕಾದ್ದು ಮುಂದಿನ ಚಕ್ರಗಳ ಬ್ಯಾಲೆನ್ಸು. ಅದು ಸರಿಯಿದ್ದರೆ ವೀಲಿನ ನಡುವಿನ ತೂತು. ನನ್ನದರಲ್ಲಿ ಅದು ಹಬ್‌ಗಿಂತ ದೊಡ್ಡದು. ಚಕ್ರ ನಟ್ಟನಡುವೆ ಕೂತೇ ಇರಲಿಲ್ಲ. ನಾಲ್ಕು ಪ್ಲಾಸ್ಟಿಕ್ ರಿಂಗು ಹಾಕಿಸಿದೆ, ನಡುಕ ಮಾಯ.

ಬಗ್ ಹುಡುಕದೆ ಬರೀ ರೀಸ್ಟಾರ್ಟ್ ಮಾಡಿ ಬಿಲ್ ಕೊಟ್ಟರೆ ನನ್ನನ್ನು ಮನೆಗೆ ಕಳಿಸುತ್ತಾರೆ. ಇವರನ್ನು ಕೇಳೋರು ಯಾರು? ನಾವೇ ಕೇಳಬೇಕು ಕಣ್ರೀ: "ಯಾಕೆ ನಡುಗ್ತಿದೆ ಹೇಳಿ, ಆಮೇಲೆ ದುಡ್ಡು."