ಯಂತ್ರದ ಉತ್ತರ, ಮನುಷ್ಯನ ಹೊಣೆ

ವಾಣಿಜ್ಯ ಸಂಸ್ಥೆಗಳ ಲೆಕ್ಕಪತ್ರ, ದಾಸ್ತಾನುಗಳಿಗಾಗಿ ಹುಟ್ಟಿದ ಸಾಫ್ಟ್‌ವೇರ್ ಇಂದು ಎಂಜಿನಿಯರಿಂಗ್ ತರಗತಿಯನ್ನು ಪ್ರವೇಶಿಸಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಕೃತಕ ಬುದ್ಧಿಮತ್ತೆಯೂ ವಿದ್ಯಾರ್ಥಿಯ ಕೈಗೆಟುಕಿದೆ. ಛಂದಸ್ಸು ವ್ಯಾಕರಣಗಳನ್ನು ಓದಿದವನಿಗೆ ಈ ವಿಚಾರದಲ್ಲಿ ಅಧಿಕಾರವೇನೆಂದು ವಾಚಕರು ಕೇಳಬಹುದು. ಕಲಿಕೆಯ ಕ್ರಮ ಎಲ್ಲ ಶಾಸ್ತ್ರಗಳಿಗೂ ಒಂದೇ ಎಂಬುದು ನನ್ನ ನಮ್ರ ಉತ್ತರ.

ಅಮೆರಿಕದ ಹಾರ್ಟ್‌ಫರ್ಡ್ ನಗರದ ಕ್ರೀಡಾಭವನದ ವೃತ್ತಾಂತ ಇಲ್ಲಿ ಸ್ಮರಣೀಯ. ಅದರ ವಿಶಾಲ ಉಕ್ಕಿನ ಛಾವಣಿಯ ಲೆಕ್ಕವನ್ನು ಕಂಪ್ಯೂಟರ್ ಮಾಡಿತ್ತು. ಕಟ್ಟುವಾಗಲೇ ಛಾವಣಿ ಲೆಕ್ಕಕ್ಕಿಂತ ಇಮ್ಮಡಿ ಬಾಗಿತು. ಎಚ್ಚರಿಸಿದವರಿದ್ದರೂ ಯಂತ್ರದ ಗಣಿತವೇ ಪ್ರಮಾಣವೆನಿಸಿತು. 1978ರ ಜನವರಿ 18ರ ನಸುಕಿನಲ್ಲಿ ಹಿಮದ ಭಾರಕ್ಕೆ ಅದು ಕುಸಿಯಿತು. ಕೆಲವೇ ಗಂಟೆಗಳ ಹಿಂದೆ ಸುಮಾರು 5,000 ಜನ ಅಲ್ಲಿ ಆಟ ನೋಡುತ್ತಿದ್ದರು! ಯಂತ್ರ ಗುಣಿಸುವುದರಲ್ಲಿ ತಪ್ಪಲಿಲ್ಲ. ಸರಳುಗಳಿಗಿರುವ ಆಧಾರದ ಬಗೆಗೆ ಮನುಷ್ಯರು ಅದಕ್ಕಿತ್ತ ಊಹೆಯೇ ತಪ್ಪಾಗಿತ್ತು.

ನಮ್ಮ ಗುರುಗಳು ಪ್ರಸ್ತಾರ ಹಾಕಿಸದೆ ಪದ್ಯವನ್ನು ಮುಂದಕ್ಕೆ ಓದಗೊಡುತ್ತಿರಲಿಲ್ಲ. ಕಿವಿ ಪಳಗಿದ ಮೇಲೆ ಒಂದು ಮಾತ್ರೆ ಹೆಚ್ಚಿದರೂ ಕಿವಿಯೇ ಹೇಳುತ್ತಿತ್ತು. ಎಂಜಿನಿಯರನಿಗೂ ಅಂಥ ಕಿವಿ ಬೇಕು. ಅದು ಕೈಲೆಕ್ಕದಿಂದಲ್ಲದೆ ಬಾರದು.

ಈ ಸಾಧನಗಳು ಬೇಡವೆಂದು ನಾನೆನ್ನಲಾರೆ. ಕಾರ್ಖಾನೆಯಲ್ಲಿ ಅವು ನಿತ್ಯೋಪಯೋಗಿ. ಆದರೆ ಮೊದಲು ಕೈಲೆಕ್ಕ, ಅನಂತರ ಯಂತ್ರ ಎಂಬ ಕ್ರಮವಿರಲಿ. ಯಂತ್ರವಿತ್ತ ಉತ್ತರಕ್ಕೆ ವಿದ್ಯಾರ್ಥಿ ಅಧ್ಯಾಪಕರೆದುರು ನಿಂತು ಕಾರಣ ಹೇಳಲಿ. ಕಂಪ್ಯೂಟರುಗಳನ್ನು ಕೊಡಮಾಡುವ ಉದಾರ ದಾನಿಗಳು, ಹಾಗೆ ಕೇಳಬಲ್ಲ ಅಧ್ಯಾಪಕರನ್ನು ಉಳಿಸಿಕೊಳ್ಳಲೂ ನೆರವಾಗಲಿ. ಏಕೆಂದರೆ ಛಾವಣಿ ಬಿದ್ದ ದಿನ ಜನತೆಯೆದುರು ತಲೆತಗ್ಗಿಸಿ ನಿಲ್ಲುವುದು ಯಂತ್ರವಲ್ಲ, ನಮ್ಮ ವಿದ್ಯಾರ್ಥಿ.